ಪತ್ರೆಯ ಗಿಡದ ಕೆಳಗೆ ಒಂದು ದಿನಚರಿ

ಶ್ರಾವಣ ಬಂತೆಂದರೆ ನಮ್ಮ ಮನೆಗಳಲ್ಲಿ ಬೆಳಗಿನ ಪತ್ರೆ ತರುವ ಕೆಲಸ ಮಕ್ಕಳ ಪಾಲಿಗೆ ಬರುವುದು ವಾಡಿಕೆ. 2024ರ ಶ್ರಾವಣದಲ್ಲಿ ಹಿತ್ತಲಿನ ಬಿಲ್ವದ ಗಿಡಕ್ಕೆ ಹೋಗಿದ್ದ ಎಂಟು ವರ್ಷದ ಮೊಮ್ಮಗಳು ಬರಿಗೈಯಲ್ಲಿ ಓಡಿಬಂದು, “ಅಜ್ಜಾ, ಎಲಿ ಮ್ಯಾಲಿಂದು ಹಕ್ಕಿ ಹಿಕ್ಕಿ ಅಲ್ಲ, ನಡ್ಯಾಕತ್ತೈತಿ!” ಎಂದಳು. ಹೋಗಿ ನೋಡಿದೆವು. ಕಪ್ಪು ಬಿಳುಪಿನ ಎರಡು ಪುಟ್ಟ ಹುಳುಗಳು ಎಳೆಯ ದಳಗಳನ್ನು ಅಂಚಿನಿಂದ ಮೇಯುತ್ತಿದ್ದವು. ಅವಳ ಅಜ್ಜಿ, “ಕೊಡವಿ ಒಗಿಯವಾ, ಪೂಜಿ ಪತ್ರಿ ಹಾಳಾಗ್ತಾವ” ಎಂದರು. ಮಗು ಅಳುವ ಮುಖ ಮಾಡಿತು. ಕೊನೆಗೆ ಆ ಒಂದು ಟೊಂಗೆಯನ್ನು ಹುಳುಗಳಿಗೆ ಬಿಟ್ಟು, ಉಳಿದ ಟೊಂಗೆಗಳಿಂದ ಪತ್ರೆ ಬಿಡಿಸುವುದೆಂದು ಒಪ್ಪಂದವಾಯಿತು. ಅಂದೇ ಗೆರೆಯಿಲ್ಲದ ಹಾಳೆಗಳ ಒಂದು ಪುಸ್ತಕವನ್ನು ಅವಳ ಕೈಗಿತ್ತೆವು.

ಮೊದಲ ದಿನವೇ ತಪ್ಪು ಮಾಡಿದವರು ನಾವು. ಪಕ್ಕದಲ್ಲಿ ಕುಳಿತು, ನಿಸರ್ಗದ ಸೊಬಗನ್ನು ಬಣ್ಣಿಸುವ ನಾಲ್ಕು ವಾಕ್ಯಗಳನ್ನು ಹೇಳಿ ಬರೆಯಿಸಿದೆವು. ಮರುದಿನ ಪುಸ್ತಕ ಮೂಲೆ ಸೇರಿತ್ತು! ಮಗು ಕಂಡದ್ದು ಒಂದು, ನಾವು ಬರೆಯಿಸಿದ್ದು ಇನ್ನೊಂದು. ಆ ಹಾಳೆಯನ್ನು ಮಡಿಸಿಟ್ಟು, “ನೀನು ಕಂಡಷ್ಟನ್ನೇ ಬರೆ, ಕಾಗುಣಿತ ನಾವು ನೋಡುವುದಿಲ್ಲ” ಎಂದ ಮೇಲೆ ಬರವಣಿಗೆ ನಡೆಯಿತು.

ಪ್ರತಿ ಪುಟದ ತಲೆಯಲ್ಲಿ ತಾರೀಖಿನ ಜೊತೆಗೆ ಮಳೆಯ ಹೆಸರನ್ನೂ ಬರೆಯಿಸಿರಿ. ಹದಿಮೂರು ಹದಿನಾಲ್ಕು ದಿನಗಳಿಗೊಮ್ಮೆ ಮಳೆ ನಕ್ಷತ್ರ ಬದಲಾಗುತ್ತದೆ. ಒಕ್ಕಲುತನದ ಮನೆಯ ಹಿರಿಯರಿಗೆ ಇದು ಬಾಯಿಪಾಠ, ಮಕ್ಕಳಿಗೆ ಹೊಸತು. ಆಗಸ್ಟ್ 11, ಆಶ್ಲೇಷಾ ಮಳೆ ಎಂದು ನಮ್ಮ ಮಗುವಿನ ದಿನಚರಿ ತೊಡಗುತ್ತದೆ. ಚಿತ್ರ ಸೊಟ್ಟಗಿದ್ದರೆ ಚಿಂತೆಯಿಲ್ಲ, ಅಳತೆಪಟ್ಟಿಯಿಂದ ಅಳೆದು ಉದ್ದ ಬರೆದರೆ ಸಾಕು. ಅಂಟಿಸುವುದಕ್ಕೆ ಉದುರಿದ ಎಲೆಯನ್ನಷ್ಟೇ ಆಯ್ದು, ಹಳೆಯ ವೃತ್ತಪತ್ರಿಕೆಯ ಹಾಳೆಗಳ ನಡುವೆ ಭಾರವಿಟ್ಟು ಒಣಗಿಸಬೇಕು. ಹಸಿಯಾಗಿ ಅಂಟಿಸಿದರೆ ಬೂಷ್ಟು ಹಿಡಿಯುತ್ತದೆ.

ಒಂದು ಬೆಳಿಗ್ಗೆ ಎರಡರಲ್ಲಿ ಒಂದೇ ಹುಳು ಉಳಿದಿತ್ತು. “ಹಕ್ಕಿ ತಿಂದಿತು ಎಂದು ಬರೆ” ಎಂದೆವು. “ನಾ ನೋಡಿಲ್ಲಲ್ಲ” ಎಂದು, ‘ಇವತ್ತು ಒಂದ ಕಾಣಲಿಲ್ಲ’ ಎಂದಷ್ಟೇ ಬರೆದಳು. ಅರವತ್ತು ದಾಟಿದ ನಮಗೆ ಆ ಮಾತಿನ ಮುಂದೆ ನಾಚಿಕೆಯಾಯಿತು.

ಪಕ್ಷಿತಜ್ಞ ಸಾಲಿಂ ಅಲಿಯವರು (1896–1987) ಹತ್ತರ ಹರೆಯದಲ್ಲಿ ಗುಬ್ಬಚ್ಚಿಯ ಗೂಡೊಂದನ್ನು ಕಂಡು ಬರೆದಿಟ್ಟ ಟಿಪ್ಪಣಿಯನ್ನು 1985ರ ತಮ್ಮ ಆತ್ಮಕಥೆಯಲ್ಲಿ ಸೇರಿಸಿದ್ದಾರೆ. ಆ ದಿನಗಳಲ್ಲಿ ಅವರ ಕೈಯಲ್ಲಿ ಬಂದೂಕವೂ ಇತ್ತೆಂಬುದನ್ನು ಅವರು ಮುಚ್ಚಿಟ್ಟಿಲ್ಲ. ನಮ್ಮ ಮಕ್ಕಳಿಗೆ ಪೆನ್ಸಿಲೊಂದೇ ಸಾಕು.

ಆಗಸ್ಟ್ 18ರಂದು ಉಳಿದ ಹುಳು ಹಸಿರಾಗಿತ್ತು. ಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದು ಹೊರಚಾಚಿ ಘಾಟು ವಾಸನೆ ಬಿಡುತ್ತಿತ್ತು. 23ರಂದು ಟೊಂಗೆಗೆ ನೂಲು ಬಿಗಿದುಕೊಂಡು ಕೋಶವಾಯಿತು. ಅದು ನಿಂಬೆ ಚಿಟ್ಟೆಯ ಮರಿ. ನಿಂಬೆ, ಕರಿಬೇವು, ಬಿಲ್ವ ಇವೆಲ್ಲ ಒಂದೇ ಸಸ್ಯಕುಟುಂಬದವು. ಆದುದರಿಂದಲೇ ಆ ತಾಯಿಚಿಟ್ಟೆ ನಮ್ಮ ಪತ್ರೆಯ ಗಿಡವನ್ನು ಹುಡುಕಿ ಬಂದು ಮೊಟ್ಟೆಯಿಟ್ಟಿತ್ತು.

ಸೆಪ್ಟೆಂಬರ್ 2, ಶ್ರಾವಣದ ಕಡೆಯ ಸೋಮವಾರ. ಪೂಜೆಗೆ ಕುಳಿತಿದ್ದ ಅಜ್ಜಿಯನ್ನು ಕೂಗುವಂತಿಲ್ಲ. ಮಗು ಹೊಸ್ತಿಲಲ್ಲಿ ಕಾದು ನಿಂತಿತು. ಪೂಜೆ ಮುಗಿಸಿ ಅಜ್ಜಿ ಹಿತ್ತಲಿಗೆ ಬಂದಾಗ, ಕಪ್ಪು ರೆಕ್ಕೆಯ ಮೇಲೆ ಹಳದಿ ಚುಕ್ಕೆಗಳ ಚಿಟ್ಟೆ ಇನ್ನೂ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಆ ದಿನದ ಪುಟದಲ್ಲಿ ಹೀಗಿದೆ: ‘ಬಾಲ ಇಲ್ಲ. ಹಿಂದ ಕೆಂಪು ಚುಕ್ಕಿ. ಅಜ್ಜಿನೂ ನೋಡಿದಳು.’