ಥಿಯೇಟರಿಗೂ ಮುನ್ನ, ಪರದೆಯ ಮೇಲೆ

ಲ್ಯಾಪರೋಸ್ಕೋಪಿಯಲ್ಲಿ ಶಸ್ತ್ರವೈದ್ಯರು ಹೊಟ್ಟೆಯನ್ನು ಅಗಲವಾಗಿ ಸೀಳುವುದಿಲ್ಲ. ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉದ್ದನೆಯ ಉಪಕರಣಗಳನ್ನು ಒಳಗಿಳಿಸಿ, ಪರದೆ ನೋಡುತ್ತ ಕೆಲಸ ಮಾಡುತ್ತಾರೆ. ಹಿಡಿ ಎಡಕ್ಕೆ ಸರಿದರೆ ಉಪಕರಣದ ತುದಿ ಬಲಕ್ಕೆ ಸರಿಯುತ್ತದೆ. ಚಪ್ಪಟೆ ಚಿತ್ರದಿಂದಲೇ ಆಳವನ್ನು ಅಂದಾಜು ಮಾಡಬೇಕು. ಇದು ಕೈಗೆ ಒಗ್ಗಲು ಬೇಕಾದ ಅಭ್ಯಾಸವನ್ನು ರೋಗಿಯ ಮೇಲೆ ಮಾಡಬಾರದೆಂಬ ಉದ್ದೇಶದಿಂದ 1990ರ ದಶಕದಲ್ಲಿ ವರ್ಚುವಲ್ ರಿಯಾಲಿಟಿ ಸಿಮ್ಯುಲೇಟರುಗಳು ರೂಪುಗೊಂಡವು.

ಇಂಥ ಸಿಮ್ಯುಲೇಟರಿನ ತಯಾರಿ ಕಂಪ್ಯೂಟರಿನ ಮುಂದೆ ಶುರುವಾಗುವುದಿಲ್ಲ. ಮೊದಲು ನುರಿತ ವೈದ್ಯರ ಶಸ್ತ್ರಚಿಕಿತ್ಸೆಯನ್ನು ಹಂತಹಂತವಾಗಿ ಬಿಡಿಸಿ, ಪ್ರತಿ ಹಂತದಲ್ಲಿ ಯಾವುದು ತಪ್ಪು ಎಂದು ನಿರ್ಧರಿಸಲಾಗುತ್ತದೆ. ಬಳಿಕ ಆ ಹಂತಗಳು ಪರದೆಯ ಮೇಲಿನ ಕೆಲಸಗಳಾಗುತ್ತವೆ. ತೆಗೆದುಕೊಂಡ ಸಮಯ, ಉಪಕರಣದ ತುದಿ ಸಾಗಿದ ದೂರ, ಆದ ತಪ್ಪುಗಳು ತಾವಾಗಿಯೇ ದಾಖಲಾಗುತ್ತವೆ. ಅಂಗಾಂಶ ಮುಟ್ಟಿದ ಅನುಭವ ಕೈಗೂ ಸಿಗಬೇಕೆಂದರೆ ಲೆಕ್ಕಾಚಾರ ಬಹಳ ಹೆಚ್ಚುತ್ತದೆ: ಕಣ್ಣಿಗೆ ಸೆಕೆಂಡಿಗೆ 30 ಚಿತ್ರ ಸಾಕಾದರೆ, ಸ್ಪರ್ಶ ಸಹಜವೆನಿಸಲು ಸೆಕೆಂಡಿಗೆ ಸುಮಾರು 1,000 ಬಾರಿ ಬಲವನ್ನು ಲೆಕ್ಕ ಹಾಕಬೇಕು.

ಯಂತ್ರ ಸಿದ್ಧವಾದ ಮೇಲೆ ಅದಕ್ಕೇ ಪರೀಕ್ಷೆ. ಕೆಲಸ ನಿಜದಂತಿದೆಯೇ, ಕಲಿಯಬೇಕಾದ್ದೆಲ್ಲ ಅದರಲ್ಲಿದೆಯೇ ಎಂದು ತಜ್ಞರು ನೋಡುತ್ತಾರೆ. ನುರಿತವರಿಗೂ ಹೊಸಬರಿಗೂ ಬರುವ ಅಂಕಗಳನ್ನು ಹೋಲಿಸಲಾಗುತ್ತದೆ. ಅವುಗಳಲ್ಲಿ ವ್ಯತ್ಯಾಸವೇ ಕಾಣದಿದ್ದರೆ ಯಂತ್ರ ಅಳೆಯುತ್ತಿರುವುದು ಶಸ್ತ್ರಕೌಶಲವನ್ನಲ್ಲ. ಇದೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ, ಇಲ್ಲಿ ಕಲಿತದ್ದು ಥಿಯೇಟರಿನಲ್ಲಿ ಕೈ ಹಿಡಿಯುತ್ತದೆಯೇ ಎಂಬುದು.

ಅದಕ್ಕೆ ಹೆಸರಾಂತ ಉತ್ತರ ಬಂದದ್ದು 2002ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ. ತರಬೇತಿಯಲ್ಲಿದ್ದ 16 ಶಸ್ತ್ರವೈದ್ಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಿಸ್ಟ್-ವಿಆರ್ ಎಂಬ ಸಿಮ್ಯುಲೇಟರಿನಲ್ಲಿ ಹೆಚ್ಚುವರಿ ಅಭ್ಯಾಸ ಕೊಡಲಾಯಿತು. ಇಷ್ಟು ಗಂಟೆ ಎಂಬ ಲೆಕ್ಕವಿರಲಿಲ್ಲ. ಅನುಭವಿಗಳು ತಲುಪಿದ ಮಟ್ಟ ಮುಟ್ಟುವವರೆಗೆ ಅಭ್ಯಾಸ. ನಂತರ ಎಲ್ಲರೂ ಮಾರ್ಗದರ್ಶಕರ ಜೊತೆ ರೋಗಿಗಳ ಪಿತ್ತಕೋಶವನ್ನು ಯಕೃತ್ತಿನಿಂದ ಬಿಡಿಸಿದರು. ಯಾರು ಯಾವ ಗುಂಪಿನವರೆಂದು ತಿಳಿಯದ ಪರೀಕ್ಷಕರು ವಿಡಿಯೊ ನೋಡಿ ತಪ್ಪುಗಳನ್ನು ಎಣಿಸಿದರು. ಸಿಮ್ಯುಲೇಟರಿನಲ್ಲಿ ಕಲಿತವರು ಶೇ 29ರಷ್ಟು ಬೇಗ ಮುಗಿಸಿದ್ದರು. ಉಳಿದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆ ಅಂಗಾಂಶವನ್ನು ಸುಡುವ ಸಾಧ್ಯತೆ ಐದು ಪಟ್ಟು ಹೆಚ್ಚಿತ್ತು. ವಿಶೇಷವೆಂದರೆ ಮಿಸ್ಟ್-ವಿಆರ್ ಪರದೆಯಲ್ಲಿ ಯಾವ ಅಂಗವೂ ಕಾಣುತ್ತಿರಲಿಲ್ಲ; ಇದ್ದದ್ದು ಗೋಳ, ಚೌಕಟ್ಟುಗಳಂಥ ಸರಳ ಆಕೃತಿಗಳು. ನೋಟ ನಿಜದಂತಿರುವುದಕ್ಕಿಂತ ಸರಿಯಾದ ಕೌಶಲವನ್ನು ಆರಿಸಿ ಅಳೆಯುವುದೇ ಮುಖ್ಯವೆಂದು ಇದರಿಂದ ಸ್ಪಷ್ಟವಾಯಿತು.

2009ರಲ್ಲಿ ಡೆನ್ಮಾರ್ಕ್‌ನಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗಗಳ ಕಿರಿಯ ವೈದ್ಯರ ಮೇಲೆ ನಡೆದ ಅಧ್ಯಯನವೂ ಸಿಮ್ಯುಲೇಟರಿನಲ್ಲಿ ಕಲಿತದ್ದು ಥಿಯೇಟರಿನಲ್ಲಿ ಕೈ ಹಿಡಿಯುತ್ತದೆ ಎಂದೇ ಹೇಳಿತು. ಅಂಡನಾಳ ತೆಗೆಯಲು ಸಿಮ್ಯುಲೇಟರ್ ಅಭ್ಯಾಸವಿಲ್ಲದವರಿಗೆ ಮಧ್ಯಾಂಕದ ಪ್ರಕಾರ 24 ನಿಮಿಷ ಬೇಕಾದರೆ, ಅಭ್ಯಾಸವಿದ್ದವರಿಗೆ 12 ಸಾಕಾಯಿತು.

ಇಂಥ ಅಧ್ಯಯನಗಳಲ್ಲಿ ಪಾಲ್ಗೊಳ್ಳುವವರ ಸಂಖ್ಯೆ ಚಿಕ್ಕದು. ಅವು ಅಳೆಯುವುದೂ ಬಹುತೇಕ ಕೈಚಳಕವನ್ನೇ. ಯಾವ ರೋಗಿಗೆ ಶಸ್ತ್ರಚಿಕಿತ್ಸೆ ಬೇಕು, ರಕ್ತಸ್ರಾವವಾದಾಗ ಯಾವಾಗ ಹೊಟ್ಟೆ ತೆರೆಯಬೇಕು ಎಂಬ ವಿವೇಚನೆ ಹಿರಿಯರ ಜೊತೆ ನಿಂತು ಕಲಿಯುವಂಥದ್ದು. ಆ ಕಲಿಕೆಗೆ ಬರುವ ಹೊತ್ತಿಗೆ ಉಪಕರಣ ಹಿಡಿಯುವ ಪಾಠ ಮುಗಿದಿರುವಂತೆ ನೋಡಿಕೊಳ್ಳುವುದು ಸಿಮ್ಯುಲೇಟರಿನ ಕೆಲಸ.