ಗೊರಕೆ, ಹಸಿವು ಮತ್ತು ನಮ್ಮಣ್ಣನ ಡಯಟ್

ಹಾಸಿಗೆಗೆ ತಲೆ ಕೊಟ್ಟ ತಕ್ಷಣ ಗೊರಕೆ ಶುರು ಮಾಡುವವರನ್ನು ಕಂಡರೆ ನಮ್ಮ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತೆ: ‘ಪುಣ್ಯವಂತ, ಎಂಥಾ ನಿದ್ದೆ ನೋಡು!’ ಇಲ್ಲಾಂದ್ರೆ ಕುಂಭಕರ್ಣನ ಹೆಸರು. ಆದರೆ ಜೋರಾಗಿ ಗೊರಕೆ ಹೊಡೆಯುವ ಎಷ್ಟೋ ಜನ ರಾತ್ರಿಯಿಡೀ ಸರಿಯಾಗಿ ನಿದ್ದೆಯನ್ನೇ ಮಾಡಿರುವುದಿಲ್ಲ. ಉಸಿರಿಗಾಗಿ ಗುದ್ದಾಡಿರುತ್ತಾರೆ.

ನಾನಿದನ್ನು ನಮ್ಮಣ್ಣನನ್ನು ನೋಡಿ ತಿಳಿದುಕೊಂಡೆ. ಅವನಿಗೆ 34, ಐಟಿ ಕೆಲಸ, ತೂಕ 96 ಕೆಜಿ. ಎರಡು ವರ್ಷದಿಂದ ರಾತ್ರಿ ಅನ್ನ ಬಿಟ್ಟಿದ್ದ, ಬೆಳಿಗ್ಗೆ ವಾಕಿಂಗ್ ಹೋಗ್ತಿದ್ದ. ತೂಕ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರವರೆಗೆ ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ‘ಸ್ವಲ್ಪ ಬಾಯಿ ಕಟ್ಟಿ’ ಅಂದರು ಅಲ್ಲಿದ್ದ ವೈದ್ಯರು. ನಿದ್ದೆ ಹೇಗಿದೆ ಅಂತ ಒಂದು ಮಾತು ಕೇಳಲಿಲ್ಲ. ನನಗೆ ಈಗಲೂ ಸಿಟ್ಟಿರುವುದು ಅದರ ಮೇಲೇ.

ಊರಿಗೆ ಹೋದಾಗ ಎಲ್ಲರೂ ಹಾಲ್‌ನಲ್ಲೇ ಮಲಗ್ತೀವಿ. ಅಣ್ಣನ ಗೊರಕೆ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು. ಹತ್ತು, ಹದಿನೈದು ಸೆಕೆಂಡು ಸದ್ದೇ ಇಲ್ಲ. ಆಮೇಲೆ ನೀರಿಂದ ಮೇಲೆದ್ದವನ ಹಾಗೆ ಒಂದು ದೊಡ್ಡ ಉಸಿರು. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅವನಿಗೇ ತೋರಿಸಿದೆ. ಒಂದು ವಾರದಲ್ಲಿ ಟೆಸ್ಟ್ ಆಯ್ತು. ಹೆಸರು: ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ.

ನಿದ್ದೆಯಲ್ಲಿ ನಾಲಿಗೆ, ಗಂಟಲಿನ ಸ್ನಾಯುಗಳು ಎಲ್ಲರಿಗೂ ಸಡಿಲವಾಗುತ್ತವೆ. ಕೆಲವರಲ್ಲಿ ಅವು ಉಸಿರಿನ ದಾರಿಯನ್ನೇ ಮುಚ್ಚಿಬಿಡುತ್ತವೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಬಿದ್ದು ಅರೆಕ್ಷಣ ಎಬ್ಬಿಸುತ್ತದೆ. ಬೆಳಿಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಉಸಿರು ಹತ್ತು ಸೆಕೆಂಡಾದರೂ ನಿಂತರೆ ಅಥವಾ ತೀರಾ ಕಮ್ಮಿಯಾದರೆ ಒಂದು ಸಲ ಅಂತ ಲೆಕ್ಕ. ಗಂಟೆಗೆ 5ರ ಒಳಗಿದ್ದರೆ ಪರವಾಗಿಲ್ಲ, 30 ದಾಟಿದರೆ ತೀವ್ರ. ಅಣ್ಣನದು 38. ಹೆಚ್ಚುಕಮ್ಮಿ ಒಂದೂವರೆ ನಿಮಿಷಕ್ಕೊಮ್ಮೆ ಯಾರೋ ಕತ್ತು ಹಿಸುಕಿ ಎಬ್ಬಿಸಿದ ಹಾಗೆ!

ಇದಕ್ಕೂ ಹೊಟ್ಟೆಗೂ ಏನು ಸಂಬಂಧ?

ಪ್ರತಿ ಗಾಬರಿಗೂ ದೇಹ ಅಡ್ರಿನಲಿನ್ ತರಹದ ಒತ್ತಡದ ಹಾರ್ಮೋನುಗಳನ್ನು ಬಿಡುತ್ತದೆ. ಹುಲಿ ಬಂತು, ಓಡು ಅನ್ನುವಾಗ ಬರುವ ಹಾರ್ಮೋನು ಅದು. ಓಡಲು ಶಕ್ತಿ ಬೇಕಲ್ಲ, ಯಕೃತ್ತು ರಕ್ತಕ್ಕೆ ಸಕ್ಕರೆ ಸುರಿಯುತ್ತದೆ. ಓಡುವವನು ಮಾತ್ರ ಹಾಸಿಗೆ ಮೇಲಿದ್ದಾನೆ. ದಿನಾ ಹೀಗೇ ಆದರೆ ಜೀವಕೋಶಗಳು ಇನ್ಸುಲಿನ್ ಮಾತು ಕೇಳುವುದನ್ನು ಕಮ್ಮಿ ಮಾಡುತ್ತವೆ. ರಾತ್ರಿ ಊಟ ಬಿಟ್ಟವನಿಗೂ ಬೆಳಗಿನ ಸಕ್ಕರೆ ಏರಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನೆರಡು ಹಾರ್ಮೋನುಗಳಿವೆ. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ತಂಡ ಕಂಡುಹಿಡಿದ ಲೆಪ್ಟಿನ್, ಕೊಬ್ಬಿನ ಕೋಶಗಳಿಂದ ಬಂದು ಮೆದುಳಿಗೆ ‘ಸಾಕು’ ಅನ್ನುತ್ತದೆ. 1999ರಲ್ಲಿ ಜಪಾನಿನವರು ಕಂಡುಹಿಡಿದ ಗ್ರೆಲಿನ್, ಹೊಟ್ಟೆಯಿಂದ ಬಂದು ‘ಬಡಿಸು’ ಅನ್ನುತ್ತದೆ. 2004ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡೇ ರಾತ್ರಿ ನಿದ್ದೆ ಮೊಟಕು ಮಾಡಿ ನೋಡಿದರು. ಲೆಪ್ಟಿನ್ ಶೇ 18ರಷ್ಟು ಇಳಿದು, ಗ್ರೆಲಿನ್ ಶೇ 28ರಷ್ಟು ಏರಿತ್ತು. ನೈಟ್ ಶಿಫ್ಟ್ ಮುಗಿಸಿದವರಿಗೆ ಬೆಳಿಗ್ಗೆ ಬೆಣ್ಣೆ ದೋಸೆಯೇ ಯಾಕೆ ಬೇಕನ್ನಿಸುತ್ತೆ ಅಂತ ನನಗೆ ಅರ್ಥವಾಗಿದ್ದು ಆಗ.

ಅಪ್ನಿಯಾ ಇದ್ದವರ ಕಥೆ ಸ್ವಲ್ಪ ಬೇರೆ. ಅವರಲ್ಲಿ ಲೆಪ್ಟಿನ್ ಕಮ್ಮಿ ಇರುವುದಿಲ್ಲ, ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಅದರ ಮಾತು ಮೆದುಳಿಗೆ ನಾಟುವುದಿಲ್ಲ, ಅಷ್ಟೆ. ಟಿ.ವಿ. ಜೋರಾಗಿಟ್ಟುಕೊಂಡು ಕೂತ ಮಗನಿಗೆ ಅಡುಗೆಮನೆಯಿಂದ ಅಮ್ಮ ಎಷ್ಟು ಕೂಗಿದರೇನು? ಜೊತೆಗೆ ಹಗಲಿಡೀ ಸುಸ್ತು. ನಡೆಯಲು ಮನಸ್ಸಿಲ್ಲ, ಮಧ್ಯಾಹ್ನ ಮೂರಕ್ಕೆ ಕಾಫಿ ಜೊತೆ ಏನಾದರೂ ಸಿಹಿ ಬೇಕೇ ಬೇಕು. ತೂಕ ಏರುತ್ತದೆ. ಏರಿದ ಕೊಬ್ಬು ಕುತ್ತಿಗೆಯಲ್ಲಿ, ನಾಲಿಗೆಯಲ್ಲೂ ಸೇರಿ ಉಸಿರಿನ ದಾರಿ ಇನ್ನಷ್ಟು ಕಿರಿದಾಗುತ್ತದೆ. ಇಂಥವರಿಗೆ ‘ನಾಲಿಗೆ ಹತೋಟಿಯಲ್ಲಿಡು’ ಅಂತ ಬೈದರೆ ಏನು ಪ್ರಯೋಜನ ಹೇಳಿ.

ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದೂ ಇದರ ಲಕ್ಷಣ ಇರಬಹುದು. ಮುಚ್ಚಿದ ಗಂಟಲಿನಿಂದ ಉಸಿರೆಳೆಯಲು ಹೆಣಗುವಾಗ ಹೃದಯದ ಗೋಡೆ ಹಿಗ್ಗಿ, ಮೂತ್ರ ಹೆಚ್ಚಿಸುವ ಹಾರ್ಮೋನು ಹೊರಡುತ್ತದೆ. ಶುಗರ್ ಬಂತೇನೋ ಅಂತ ಅಣ್ಣ ಹೆದರಿದ್ದ. ಮಷೀನ್ ಬಂದ ಮೇಲೆ ಏಳುವುದೇ ನಿಂತಿದೆ.

ಆ ಮಷೀನೇ ಸಿಪ್ಯಾಪ್. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಜಗತ್ತಿಗೆ ಪರಿಚಯಿಸಿದ್ದು. ಮೂಗಿನ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲನ್ನು ತೆರೆದಿಡುತ್ತದೆ. ಹಗಲಿನ ತೂಕಡಿಕೆ ಹೋಗುತ್ತದೆ, ಬಿ.ಪಿ. ತುಸು ಇಳಿಯುತ್ತದೆ. ಆದರೆ ಮಾಸ್ಕ್ ಹಾಕಿದ ಕೂಡಲೇ ತೂಕ ಇಳಿಯುತ್ತೆ ಅನ್ನುವ ಆಸೆ ಬೇಡ, ಕೆಲವರಿಗೆ ಒಂಚೂರು ಏರುವುದೂ ಉಂಟು. ಸಕ್ಕರೆಯ ಮೇಲಿನ ಪರಿಣಾಮವೂ ಎಲ್ಲ ಅಧ್ಯಯನಗಳಲ್ಲಿ ಒಂದೇ ಥರ ಇಲ್ಲ. ಡಯಟ್, ವ್ಯಾಯಾಮ ಬಿಡುವ ಹಾಗಿಲ್ಲ. ಈಗ ಅದನ್ನು ಮಾಡಲು ಮೈಯಲ್ಲಿ ತ್ರಾಣ ಇದೆ ಅಂತಾನೆ ಅಣ್ಣ.

ಹಾರ್ಮೋನಿನ ನಂಟು ಎಷ್ಟು ಗಟ್ಟಿ ಅನ್ನುವುದಕ್ಕೆ ಇನ್ನೊಂದು ಸಂಗತಿ. ಹಾರ್ಮೋನುಗಳನ್ನು ಅನುಕರಿಸುವ ಟಿರ್ಜೆಪಟೈಡ್ ಇಂಜೆಕ್ಷನ್‌ಗೆ ಡಿಸೆಂಬರ್ 2024ರಲ್ಲಿ ಅಮೆರಿಕದಲ್ಲಿ, ಬೊಜ್ಜಿನ ಜೊತೆ ಅಪ್ನಿಯಾ ಇರುವವರಿಗಾಗಿ ಒಪ್ಪಿಗೆ ಸಿಕ್ಕಿತು. ಪ್ರಯೋಗದಲ್ಲಿ ಒಂದು ವರ್ಷಕ್ಕೆ ಉಸಿರುಗಟ್ಟುವ ಸಂಖ್ಯೆ ಗಂಟೆಗೆ 25ಕ್ಕೂ ಹೆಚ್ಚು ಇಳಿದಿತ್ತು. ದುಬಾರಿ ಔಷಧ, ಅಡ್ಡಪರಿಣಾಮಗಳೂ ಇವೆ. ರೀಲ್ಸ್ ನೋಡಿ ಚುಚ್ಚಿಕೊಳ್ಳುವಂಥದ್ದಲ್ಲ.

ನಮ್ಮಮ್ಮನ ಚಿಂತೆಯೇ ಬೇರೆ. ಅಣ್ಣನಿಗೆ ಹುಡುಗಿ ಗೊತ್ತಾಗಿದೆ. ‘ಮದುವೆ ಆಗೋವರೆಗೂ ಆ ಮಷೀನು ಅವರ ಕಣ್ಣಿಗೆ ಬೀಳೋದು ಬೇಡ ಕಣೋ’ ಅಂದರು. ಅಣ್ಣ ಕೇಳಲಿಲ್ಲ, ಹುಡುಗಿಗೆ ತಾನೇ ಹೇಳಿದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಪ್ಪನೂ ಹೀಗೇ ಉಸಿರು ನಿಲ್ಲಿಸ್ತಾರೆ, ಎಲ್ಲಿ ತೋರಿಸಿದ್ರಿ?’ ಅಂತ ಕೇಳಿದಳಂತೆ.

ತೋರಿಸಬೇಕಾದದ್ದು ಶ್ವಾಸಕೋಶ ಅಥವಾ ಕಿವಿ-ಮೂಗು-ಗಂಟಲು ತಜ್ಞರಿಗೆ. ಸಣ್ಣಗಿದ್ದರೂ ದವಡೆ ಚಿಕ್ಕದಿದ್ದರೆ ಅಪ್ನಿಯಾ ಬರಬಹುದು. ಪಿಸಿಒಎಸ್ ಇರುವ ಹೆಣ್ಣುಮಕ್ಕಳಿಗೆ, ಮುಟ್ಟು ನಿಂತವರಿಗೆ ಸಾಧ್ಯತೆ ಹೆಚ್ಚು. ಅವರು ಬರೀ ‘ಸುಸ್ತು’ ಅಂತ ಹೇಳಿ ಸುಮ್ಮನಾಗಿಬಿಡುತ್ತಾರೆ. ಅನೇಕರಿಗೆ ಮನೆಯಲ್ಲೇ ಟೆಸ್ಟ್ ಮಾಡಬಹುದು: ಬೆರಳಿಗೊಂದು ಕ್ಲಿಪ್, ಮೂಗಿಗೆ ಸಣ್ಣ ಕೊಳವೆ, ಎದೆಗೊಂದು ಪಟ್ಟಿ. ಹೋಗುವಾಗ ಮನೆಯವರು ಮಾಡಿದ ವಿಡಿಯೊ ಜೊತೆಗಿರಲಿ, ವೈದ್ಯರು ಅದನ್ನೇ ಮೊದಲು ಕೇಳಬಹುದು.