ಪಾಕದ ಎಳೆ, ಸಿಸ್ಟ್‌ನ ಸುಳಿವು

ಹರಿಹರದ ಓದುಗರೊಬ್ಬರು ಕಿಡ್ನಿ ಕಲ್ಲಿಗೆಂದು ದಾವಣಗೆರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಕಲ್ಲು ಸಣ್ಣದು, ತಾನಾಗಿಯೇ ಬಿದ್ದುಹೋಗುವಂಥದ್ದು. ಆದರೆ ವರದಿಯ ಕೊನೆಯ ಸಾಲಿನಲ್ಲಿ ಪ್ಯಾಂಕ್ರಿಯಾಸ್‌ನಲ್ಲಿ 14 ಮಿ.ಮೀ. ಸಿಸ್ಟ್ ಎಂದಿತ್ತಂತೆ. ‘ಇದು ಕ್ಯಾನ್ಸರೇ?’ ಎಂದು ಕೇಳಿದ್ದಾರೆ.

ಬಹುಪಾಲು ಅಲ್ಲ. ಬೇರೇನನ್ನೋ ಹುಡುಕುವಾಗ ಸಿಗುವ ಇಂಥ ಸಣ್ಣ ನೀರುಗುಳ್ಳೆಗಳು ಹೆಚ್ಚಾಗಿ ತಮ್ಮ ಪಾಡಿಗೆ ಇರುತ್ತವೆ. ವಯಸ್ಸಾದಂತೆ ಇವು ಸಾಮಾನ್ಯವೂ ಹೌದು. ಹಾಗೆಂದು ಮರೆಯುವಂತಿಲ್ಲ. ಪ್ಯಾಂಕ್ರಿಯಾಸ್ ಉರಿಯೂತದ ನಂತರ ಉಳಿಯುವ ಹುಸಿ ಸಿಸ್ಟ್, ತಿಳಿನೀರು ತುಂಬಿದ ಸೀರಸ್ ಸಿಸ್ಟ್, ಇವೆರಡರ ಭಯ ಬೇಡ. ಕಣ್ಣಿಡಬೇಕಾದ್ದು ಮುಖ್ಯವಾಗಿ ಲೋಳೆ ತುಂಬಿದವುಗಳ ಮೇಲೆ.

ಭದ್ರಾ ನಾಲೆಯ ನೀರುಣ್ಣುವ ನಮ್ಮ ಸೀಮೆಯವರಿಗೆ ಮುಖ್ಯ ನಾಲೆ, ಉಪನಾಲೆ ಎಂದರೆ ಬಿಡಿಸಿ ಹೇಳಬೇಕಿಲ್ಲ. ಪ್ಯಾಂಕ್ರಿಯಾಸ್‌ನಲ್ಲೂ ಹಾಗೆಯೇ ನಾಳಗಳಿವೆ. ಹರಿವು ಮಾತ್ರ ತಿರುವುಮುರುವು. ಜೀರ್ಣರಸ ಕವಲುಗಳಿಂದ ಮುಖ್ಯ ನಾಳಕ್ಕೆ ಬಂದು ಸಣ್ಣ ಕರುಳಿಗೆ ಇಳಿಯುತ್ತದೆ. 1982ರಲ್ಲಿ ಜಪಾನಿನ ಓಹಾಶಿ ಮತ್ತು ಸಂಗಡಿಗರು ನಾಲ್ವರು ರೋಗಿಗಳಲ್ಲಿ ಈ ನಾಳದಿಂದ ಲೋಳೆ ಹೊರಬರುವುದನ್ನು ವರ್ಣಿಸಿದರು. ಇಂದು ಐಪಿಎಂಎನ್ ಎಂದು ಕರೆಯುವ ಲೋಳೆ ಸಿಸ್ಟ್‌ನ ಜಾತಿ ಇದೇ. ಕವಲಿನಲ್ಲಿದ್ದರೆ ಸಾಮಾನ್ಯವಾಗಿ ಕಾದು ನೋಡಬಹುದು. ಮುಖ್ಯ ನಾಳವೇ 10 ಮಿ.ಮೀ.ಗೆ ಹಿಗ್ಗಿದ್ದರೆ, ಸಿಸ್ಟ್ ಗೋಡೆಯಲ್ಲಿ ಗಂಟಿದ್ದರೆ, ಕಾಮಾಲೆ ಕಾಣಿಸಿದರೆ ಶಸ್ತ್ರಚಿಕಿತ್ಸೆಯ ಯೋಚನೆ ಬರುತ್ತದೆ.

ಅನುಮಾನ ಉಳಿದಾಗ ವೈದ್ಯರು ಎಂಡೋಸ್ಕೋಪ್‌ನ ತುದಿಯಲ್ಲೇ ಅಲ್ಟ್ರಾಸೌಂಡ್ ಇಟ್ಟು ಹೊಟ್ಟೆಯೊಳಗೆ ಇಳಿಸಿ, ಜಠರದ ಗೋಡೆಯ ಮೂಲಕ ಸೂಜಿ ಚುಚ್ಚಿ ದ್ರವ ತೆಗೆಯುತ್ತಾರೆ. ಆಮೇಲೆ ಮಾಡುವ ಮೊದಲ ಪರೀಕ್ಷೆ ನನಗೆ ಬಲು ಇಷ್ಟ. ರವೆ ಉಂಡೆಗೆ ಪಾಕ ಹದವಾಯಿತೇ ಎಂದು ಅಮ್ಮ ಹೆಬ್ಬೆರಳು, ತೋರುಬೆರಳಿನ ನಡುವೆ ಎಳೆದು ನೋಡುವುದಿಲ್ಲವೇ? ಗ್ಲೌಸ್ ತೊಟ್ಟ ಬೆರಳುಗಳ ನಡುವೆ ಇಲ್ಲಿಯೂ ಅದೇ! ಒಂದು ಸೆಂಟಿಮೀಟರ್‌ವರೆಗೆ ಎಳೆ ತುಂಡಾಗದೆ ಒಂದು ಕ್ಷಣ ನಿಂತರೆ ಅದು ಲೋಳೆ ಎನ್ನಲು ಬಲವಾದ ಸುಳಿವು. ಎಳೆ ಬರದಿದ್ದರೆ ಲೋಳೆ ಇಲ್ಲವೆಂದು ಖಚಿತವಲ್ಲ. ಆಗ ಸಕ್ಕರೆ ಅಂಶ ನೆರವಿಗೆ ಬರುತ್ತದೆ: ಲೋಳೆ ಸಿಸ್ಟ್‌ಗಳ ದ್ರವದಲ್ಲಿ ಅದು ಸಾಮಾನ್ಯವಾಗಿ ಡೆಸಿಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆ. ಮಧುಮೇಹಿಗಳ ಮನೆಯಲ್ಲಿರುವಂಥ ಗ್ಲುಕೋಮೀಟರ್‌ನಿಂದಲೇ ಇದನ್ನು ಅಳೆಯಬಹುದೆಂದು ಅಧ್ಯಯನಗಳು ತೋರಿಸಿವೆ. ಸಾವಿರಾರು ರೂಪಾಯಿಯ ‘ಕ್ಯಾನ್ಸರ್ ಪ್ಯಾಕೇಜ್’ ರಕ್ತಪರೀಕ್ಷೆ ಸಿಸ್ಟ್‌ನ ಜಾತಿಯನ್ನು ಹೇಳಲಾರದು.

ಹರಿಹರದವರಿಗೆ ಈಗ ಸೂಜಿ ಬೇಕಾಗಲಿಕ್ಕಿಲ್ಲ. ಕಲ್ಲಿಗೆ ಮಾಡುವ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಕಾಂಟ್ರಾಸ್ಟ್ ಕೊಡುವುದಿಲ್ಲ, ಸಿಸ್ಟ್‌ನ ಒಳಗಿನ ವಿವರ ಅದರಲ್ಲಿ ಸಿಗದು. ಗ್ಯಾಸ್ಟ್ರೋಎಂಟರಾಲಜಿಸ್ಟ್‌ರನ್ನು ಕಂಡು ಎಂ.ಆರ್.ಐ. ಬಗ್ಗೆ ಕೇಳಿ. ಹಳೆಯ ಸ್ಕ್ಯಾನ್‌ನ ಸಿ.ಡಿ. ಎಸೆಯಬೇಡಿ, ಮುಂದಿನ ಸಲ ಸಿಸ್ಟ್ ಬೆಳೆದಿದೆಯೇ ಎಂದು ಹೋಲಿಸಲು ಅದೇ ಬೇಕು.